ಹನ್ನೊಂದು ಡಿಗ್ರಿಯ ಗ್ರಂಥಾಲಯ

ಕೂಸಿಪೆರಾ ಪುರಸಭೆಯ ಬಳಿ ಬೇಸಿಗೆಯನ್ನು ಚಳಿಗಾಲದವರೆಗೆ ಕೆಡದಂತೆ ಕಾಪಿಡುವ ಒಂದು ಉಕ್ಕಿನ ಗೋಪುರವಿದೆ. ಅದರ ತುಂಬ ನೂರು ಟನ್ ಮರಳು. ಬೇಸಿಗೆಯಲ್ಲಿ ಮಿಗುವ ವಿದ್ಯುತ್ತು ಆ ಮರಳನ್ನು ಐನೂರು ಡಿಗ್ರಿಗೆ ಕಾಯಿಸುತ್ತದೆ. ಚಳಿ ಬಂದಾಗ ಆ ಶಾಖ ಕೊಳವೆಯಲ್ಲಿ ಹರಿದು ಗ್ರಂಥಾಲಯವನ್ನೂ ಪಕ್ಕದ ಸಾರ್ವಜನಿಕ ಸೌನಾವನ್ನೂ, ಅಂದರೆ ಊರಿನ ಹಬೆಮನೆಯನ್ನೂ, ಬೆಚ್ಚಗಿಡತಕ್ಕದ್ದು ಎಂದು ಠರಾವಾಗಿದೆ. ಠರಾವಾದ ದಿನವೇ ಗ್ರಂಥಾಲಯದ ಹಳೆಯ ಒಲೆಯನ್ನು ಕಿತ್ತು ಗುಜರಿಗೆ ಹಾಕಲಾಯಿತು.

ನವೆಂಬರಿನಲ್ಲಿ ಹೊರಗೆ ಸೊನ್ನೆಗಿಂತ ಹತ್ತೊಂಬತ್ತು ಡಿಗ್ರಿ ಕೆಳಗೆ. ಗ್ರಂಥಾಲಯದ ಒಳಗೆ ಹನ್ನೊಂದು. ವಾಚನಾಲಯವೊಂದು ಸತತ ಇಪ್ಪತ್ತೊಂದು ದಿನ ಹದಿನೈದು ಡಿಗ್ರಿಗಿಂತ ಕೆಳಗಿದ್ದರೆ ಅದನ್ನು ಮುಚ್ಚಿ ಪುಸ್ತಕಗಳನ್ನು ಜಿಲ್ಲಾ ಉಗ್ರಾಣಕ್ಕೆ ಸಾಗಿಸಬೇಕೆಂಬ ನಿಯಮವೂ ಇತ್ತು. ಮೂವತ್ತೆರಡು ವರ್ಷ ಆ ಕಪಾಟುಗಳನ್ನು ಕಾಯ್ದ ಗ್ರಂಥಪಾಲಕಿ ಹೆಲ್ವಿ ಪೂಹಕ್ಕಾ ಹದಿನಾರನೆಯ ದಿನ ಪುರಸಭೆಗೆ ಹೋದರು. ಸೌನಾ ಸಮಿತಿಯ ಅಧ್ಯಕ್ಷ ರೈಮೊ ಶಾಲೆಯಲ್ಲಿ ಹೆಲ್ವಿಯ ಸಹಪಾಠಿ. ಆತನ ಕೆನ್ನೆ ಕೆಂಪಗಿತ್ತು, ಕೂದಲು ಒದ್ದೆ, ಕುತ್ತಿಗೆಗೆ ಸೌನಾದಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಒಂದು ಎಲೆ ಅಂಟಿತ್ತು.

"ರೈಮೊ, ಶಾಖ ಎಲ್ಲಿ?"

"ಮರಳಲ್ಲೇ ಇದೆ. ಎಲ್ಲೂ ಓಡಿಹೋಗಿಲ್ಲ."

"ನನ್ನ ಕಡೆಗಂತೂ ಬಂದಿಲ್ಲ."

"ಹೇಗೆ ಬರತ್ತೆ? ಆಸ್ತಿ ಪಟ್ಟಿಯಲ್ಲಿ ಮರಳಿನ ಗೋಪುರಕ್ಕೆ ಕಾಲಮ್ಮೇ ಇಲ್ಲ. 'ಕಲ್ಲನ್ನು ಕಾಯಿಸಿಡುವ ಸಾಧನ' ಅಂತ ಇರೋದು ಒಂದೇ, ಸೌನಾ ಒಲೆ. ಮರಳೂ ಕಲ್ಲಿನ ಚೂರೇ ಅಲ್ವಾ? ಒಲೆ ಅಂತಲೇ ಬರೆದುಕೊಂಡ್ವಿ."

"ಅದಕ್ಕೆ?"

"ಹೊಸ ಒಲೆಯನ್ನ ಸಮಿತಿ ಒಮ್ಮತ ಬರೋವರೆಗೂ ಸೌನಾದಲ್ಲಿ ಕೂತು ಪರೀಕ್ಷಿಸಬೇಕು. ಅಲ್ಲೀವರೆಗೂ ಅದರ ಶಾಖ ಬೇರೆ ಯಾರಿಗೂ ಕೊಡೋ ಹಾಗಿಲ್ಲ."

"ಐದು ವಾರ ಆಯ್ತಲ್ಲೋ!"

"ಮಂಗಳವಾರ ಒಮ್ಮತ ಬಂದೇಬಿಡ್ತಿತ್ತು ಕಣೇ. ಕೊನೇ ಗಳಿಗೆಯಲ್ಲಿ ನಮ್ಮ ಸಮಿತಿಯ ಓಸ್ಮೊ 'ಹಬೆ ಸ್ವಲ್ಪ ಒರಟು' ಅಂದುಬಿಟ್ಟ. ಮತ್ತೆ ಮೊದಲಿಂದ."

"ಆರು ಜನ ಬೆವರೋಕೆ ನೂರು ಟನ್ ಮರಳಾ?"

"ಏಳು. ಗೋಪುರದ ಎಂಜಿನಿಯರ್ ಆಕ್ಷೇಪಣೆ ತಂದಿದ್ದ, ಅವನನ್ನೂ ಕೂರಿಸ್ಕೊಂಡ್ವಿ. ಒಲೆಗೆ ಎರಡು ಚೊಂಬು ನೀರು ಹುಯ್ಯೋದರೊಳಗೆ ಆಕ್ಷೇಪಣೆ ವಾಪಸ್ ತಗೊಂಡ."

ಹೆಲ್ವಿ ಸೌನಾ ನಿಯಮಾವಳಿಯ ಪ್ರತಿಯನ್ನು ಎರವಲು ಪಡೆದು ಅರವತ್ತೆರಡು ಕಲಮುಗಳನ್ನೂ ಓದಿದರು. ಹನ್ನೊಂದನೆಯ ಕಲಮಿನಂತೆ, ಸ್ನಾನದ ನಡುವೆ ಮೈ ಆರಿಸಿಕೊಳ್ಳಲು ಪ್ರತಿ ಸೌನಾಕ್ಕೂ ನಲವತ್ತು ಹೆಜ್ಜೆಯೊಳಗೆ ಒಂದು ತಂಪುಕೋಣೆ ಇರತಕ್ಕದ್ದು, ಅಲ್ಲಿ ಬೆಂಚುಗಳಿರತಕ್ಕದ್ದು, ತಾಪ ಹನ್ನೆರಡು ಡಿಗ್ರಿ ಮೀರತಕ್ಕದ್ದಲ್ಲ. ಊರಿನ ಸೌನಾಕ್ಕೆ ಅಂಥ ಕೋಣೆ ಇರಲಿಲ್ಲ. ಜನ ಹಿಮದಲ್ಲೇ ನಿಲ್ಲುತ್ತಿದ್ದರು. ಹೆಲ್ವಿ ಸೌನಾದಿಂದ ಗ್ರಂಥಾಲಯದವರೆಗೆ ಸಾಕ್ಷಿಗಳ ಎದುರು ನಡೆದು ಅಳೆದರು: ಮೂವತ್ತೆಂಟು ಹೆಜ್ಜೆ.

ಗ್ರಂಥಾಲಯವನ್ನು ತಂಪುಕೋಣೆಯೆಂದು ಘೋಷಿಸಬೇಕೆಂಬ ಅವರ ಅರ್ಜಿ ಹತ್ತೊಂಬತ್ತನೆಯ ದಿನ ಸಮಿತಿಯ ಮುಂದೆ ಬಂತು. ಸದಸ್ಯರು ಬಟ್ಟೆ ಹಾಕಿಕೊಳ್ಳುವಷ್ಟೂ ತಡಮಾಡದೆ ಮಂಜೂರು ಮಾಡಿದರು. ತಂಪುಕೋಣೆಗೆ ವಾಚನಾಲಯದ ನಿಯಮ ಅನ್ವಯಿಸದ ಕಾರಣ ಒಂದು ಪುಸ್ತಕವೂ ಕದಲಲಿಲ್ಲ.

ಮರುದಿನದಿಂದ ಓದುಗರು ಟವೆಲ್ ಸುತ್ತಿಕೊಂಡು, ಮೈಯಿಂದ ಹಬೆಯಾಡುತ್ತ ಬರತೊಡಗಿದರು. ಗುರುವಾರ ಹೆಂಗಸರ ಸರದಿ. ಬಾಗಿಲಿಗೆ ಪ್ರಕಟಣೆ ಬಿತ್ತು:

"ಟವೆಲ್ ಹಾಸದೆ ಕೂರುವಂತಿಲ್ಲ. ನೀರು ತೊಟ್ಟಿಕ್ಕುತ್ತಿರುವವರಿಗೆ ಪುಸ್ತಕ ಕೊಡಲಾಗುವುದಿಲ್ಲ. ನಕಾಶೆಗಳಿಂದ ಗಾಳಿ ಬೀಸಿಕೊಳ್ಳಬಾರದು."

ಶಾಲೆ ಬಿಟ್ಟ ಮೇಲೆ ಪುಸ್ತಕ ಮುಟ್ಟದ ಓಸ್ಮೊ ಜೌಗು ನೆಲದ ಚರಿತ್ರೆಯ ಎರಡನೆಯ ಸಂಪುಟಕ್ಕೆ ಬಂದ. ಎರವಲು ಹೋಗುವ ಪುಸ್ತಕಗಳು ಮೂರು ಪಟ್ಟಾದವು.

ಜನವರಿಯಲ್ಲಿ ಸಮಿತಿಗೆ ಒಮ್ಮತ ಬಂತು. ಎಂಜಿನಿಯರ್ ಓಡೋಡಿ ಬಂದ.

"ಹೆಲ್ವಿ, ಮರಳಲ್ಲಿ ಇನ್ನೂ ಬೇಕಾದಷ್ಟು ಶಾಖ ಇದೆ. ಇವತ್ತೇ ಕೊಳವೆ ತೆರೆಯಲಾ?"

"ಮುಟ್ಟಬೇಡ! ಹದಿಮೂರು ಡಿಗ್ರಿ ಆದ್ರೆ ತಂಪುಕೋಣೆ ರದ್ದು. ಮತ್ತೆ ವಾಚನಾಲಯ ಅಂತ ನವೆಂಬರಿನಿಂದಲೂ ಚಳಿ ದಿನಗಳ ಲೆಕ್ಕ ಹಾಕಿ ಮುಚ್ಚಿಸ್ತಾರೆ."

"ನಿಮಗೆ ಚಳಿ ಆಗಲ್ವಾ?"

"ಆಗತ್ತೆ. ಆದ್ರೆ ಜನ ತುಂಬಿ ಬೆಳಗ್ಗೆ ತಾಪ ಹನ್ನೆರಡು ಡಿಗ್ರಿ ಹತ್ತಿರ ಬಂದಿತ್ತು, ಜೀವ ಹೋಯ್ತು. ಆ ಕಿಟಕಿ ಇನ್ನೊಂಚೂರು ತೆಗಿ, ಪುಣ್ಯ ಬರತ್ತೆ."

ವಾರ್ಷಿಕ ವರದಿ ಹೀಗಿದೆ: "ಒಂದೇ ಮರಳಿನ ನೆರವಿನಿಂದ ಒಂದು ಕಟ್ಟಡವನ್ನು ಬಿಸಿಯಾಗಿಯೂ ಇನ್ನೊಂದನ್ನು ತಂಪಾಗಿಯೂ ಇಡಲಾಗಿದೆ. ತಂಪಿಗೆ ವ್ಯಯವಾದ ಶಕ್ತಿ: ಇಲ್ಲ."

ವರದಿ ಸರ್ವಾನುಮತದಿಂದ ಅಂಗೀಕಾರವಾಯಿತು. ತಂಪುಕೋಣೆಯ ಉಸ್ತುವಾರಿಯಾಗಿ ಹೆಲ್ವಿ ಸಹಿ ಮಾಡಬೇಕಿತ್ತು. ಚಳಿಗೆ ಮರಗಟ್ಟಿದ ಬೆರಳುಗಳು ಪೆನ್ನನ್ನು ಹಿಡಿಯಲೊಪ್ಪದ ಕಾರಣ ಹೆಬ್ಬೆಟ್ಟು ಒತ್ತಿದರು.