ಮೂರನೇ ಸಾಲಿನಲ್ಲಿ ಕುಳಿತ ನಮ್ಮಕ್ಕ ದೇವಿರಮ್ಮನ ಪರವಾಗಿ

ಏಳು ಆಸನಗಳ ಕುಟುಂಬ ವಾಹನದ ಮೂರನೇ ಸಾಲನ್ನು ರೂಪಿಸಿದ ಇಂಜಿನಿಯರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಕುಟುಂಬದವರೂ ಕಾಲು ಚಾಚಿಕೊಂಡು ಸುಖವಾಗಿ ಕುಳಿತಿರುವಿರೆಂದು ನಂಬಿ ಈ ಪತ್ರ ಆರಂಭಿಸುತ್ತಿದ್ದೇನೆ. ಮಂಡ್ಯದ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದು, ಬೇರೆಯವರು ಕೊಟ್ಟ ದೂರುಗಳಿಗೆ ಮೊಹರು ಒತ್ತಿ ಕಡತಕ್ಕೆ ಸೇರಿಸಿ ನಿವೃತ್ತನಾದ ಶಿವಣ್ಣನೆಂಬ ನಾನು, ಸ್ವಂತ ದೂರೊಂದನ್ನು ಬರೆಯುತ್ತಿರುವುದು ಇದೇ ಮೊದಲು. ಅನುಭವ ಸಾಲದೆ ಇದು ಅಲ್ಲಲ್ಲಿ ಹೊಗಳಿಕೆಯಂತೆ ಕಂಡರೆ ಮನ್ನಿಸಬೇಕು.

ಕಳೆದ ವರ್ಷ ನಾನೂ ನನ್ನ ಮಗ ಪ್ರೀತಂನೂ ಎರಡು ಕಂಪನಿಗಳ ವಾಹನಗಳನ್ನು ಮೂರು ತಿಂಗಳ ಕಾಲ ಹೋಲಿಸಿ ನೋಡಿ, ಕೊನೆಗೆ ತಮ್ಮದನ್ನು ಆರಿಸಿದೆವು. ಹೋಲಿಕೆಯಲ್ಲಿ ನಾವು ಯಾವ ಲೋಪವನ್ನೂ ಮಾಡಲಿಲ್ಲ. ಪ್ರೀತಂ ಚಾಲಕನ ಸೀಟಿನಲ್ಲಿ ಕುಳಿತು ನೋಡಿದ. ನಾನು ಅವನ ಪಕ್ಕದಲ್ಲಿ ಕುಳಿತು ನೋಡಿದೆ. ಮೂರನೇ ಸಾಲಿನಲ್ಲಿ ನಮ್ಮ ಪರವಾಗಿ ಶೋರೂಮಿನ ಶಶಿಧರ್ ಎಂಬ ಸೌಮ್ಯ ಸ್ವಭಾವದ ಮಾರಾಟಗಾರರು ಕುಳಿತು, "ಆರಾಮಾಗಿದೆ ಸಾರ್" ಎಂದರು. ಅವರು ಐದಡಿ ಒಂದಿಂಚು. ಇನ್ನೊಂದು ಕಂಪನಿಯ ಗಾಡಿ ಹಿಂದೆ ಅಗಲವಾಗಿತ್ತು, ಆದರೆ ಅದರ ಮೇಲ್ಛಾವಣಿ ತೆರೆದುಕೊಳ್ಳುತ್ತಿರಲಿಲ್ಲ. ಛಾವಣಿ ತೆರೆಯದ ವಾಹನದಲ್ಲಿ ಮಂಡ್ಯದವರು ಹೇಗೆ ಓಡಾಡುವುದು? ಆಗ ನನ್ನ ಹೆಂಡತಿ ಭಾಗ್ಯಲಕ್ಷ್ಮಿ ಆ ಇನ್ನೊಂದು ಗಾಡಿಯ ಹತ್ತಿರ ನಿಂತು ಏನೋ ಹೇಳಿದ ನೆನಪು. ನಾವು ಛಾವಣಿಯ ಗುಂಡಿ ಒತ್ತುವುದರಲ್ಲಿ ತೊಡಗಿದ್ದೆವು.

ಮೊನ್ನೆ ಮಗಳು ದೀಪಿಕಳ ನಿಶ್ಚಿತಾರ್ಥ ಮಳವಳ್ಳಿಯ ಛತ್ರವೊಂದರಲ್ಲಿ ನಿಗದಿಯಾಗಿತ್ತು. ಹತ್ತೂವರೆಯಿಂದ ಹನ್ನೊಂದೂಕಾಲರವರೆಗೆ ಲಗ್ನ. ದಾರಿಯಲ್ಲಿ ಮದ್ದೂರಿನ ಹತ್ತಿರ ವೈದ್ಯನಾಥಪುರದಲ್ಲಿ ನಮ್ಮಕ್ಕ ದೇವಿರಮ್ಮನನ್ನು ಹತ್ತಿಸಿಕೊಳ್ಳಬೇಕು. ಅವಳಿಗೆ ಎಪ್ಪತ್ತೊಂದು. ಬಲಮಂಡಿಗೆ ಆಪರೇಷನ್ ಆಗಿ ಏಳು ತಿಂಗಳು. ಅಪ್ಪ ಅಮ್ಮ ಇಲ್ಲದ ನಮ್ಮ ಮನೆಗೆ ಅವಳೇ ಹಿರಿಯಳಾದ್ದರಿಂದ, ನಮ್ಮ ಕಡೆಯ ತಾಂಬೂಲದ ತಟ್ಟೆ ಅವಳ ಕೈಯಿಂದಲೇ ಹೋಗಬೇಕೆಂದು ದೀಪಿಕ ತಿಂಗಳ ಮೊದಲೇ ಹೇಳಿಟ್ಟಿದ್ದಳು.

ತಮ್ಮ ವಾಹನದಲ್ಲಿ ಮೂರನೇ ಸಾಲನ್ನು ಎತ್ತಿ ನಿಲ್ಲಿಸಿದರೆ ಡಿಕ್ಕಿಯಲ್ಲಿ ಒಂದು ಛತ್ರಿಯನ್ನು, ಅದೂ ಮಡಚಿದ ಛತ್ರಿಯನ್ನು, ಸಲೀಸಾಗಿ ಇಡಬಹುದು. ನಮ್ಮ ಬಳಿ ಹನ್ನೊಂದು ತಟ್ಟೆಗಳಿದ್ದವು. ಹಾಗಾಗಿ ಮಧ್ಯದ ಸಾಲಿನಲ್ಲಿ ರೇಷ್ಮೆ ಸೀರೆ ಮುದುಡದಂತೆ ದೀಪಿಕಳೂ, ಅವಳ ಪಕ್ಕದಲ್ಲಿ ಹಣ್ಣು, ತೆಂಗಿನಕಾಯಿ, ಚಿರೋಟಿಯ ತಟ್ಟೆಗಳೂ ಕುಳಿತವು. ಹಿಂದೆ ಭಾಗ್ಯಲಕ್ಷ್ಮಿ ಮತ್ತು ಅಕ್ಕ. ಈ ಏರ್ಪಾಡು ಮಾಡಿದವನು ನಾನೇ ಎಂಬುದನ್ನು ಗುಮಾಸ್ತನ ಪ್ರಾಮಾಣಿಕತೆಯಿಂದ ದಾಖಲಿಸುತ್ತೇನೆ. ಅಕ್ಕನನ್ನು ಹತ್ತಿಸಲು ಹನ್ನೆರಡು ನಿಮಿಷ ಬೇಕಾಯಿತು. ಕುಳಿತ ಮೇಲೆ ಅವಳ ಮಂಡಿಗಳು ಗಲ್ಲದ ಮಟ್ಟಕ್ಕೆ ಬಂದವು. "ಹೆಂಗದೆ ಅಕ್ಕ?" ಎಂದು ಮುಂದಿನಿಂದ ಕೇಳಿದೆ. "ನಡಿಲಾ ಸಿವಣ್ಣ, ಒತ್ತಾಯ್ತದೆ" ಎಂದಳು. ಅದನ್ನು ನಾನು ತೃಪ್ತಿಯ ಉತ್ತರವೆಂದು ಪರಿಗಣಿಸಿದೆ.

ಭಾರತೀನಗರ ದಾಟಿದ ಮೇಲೆ ರಸ್ತೆಯ ಉಬ್ಬೊಂದನ್ನು ಪ್ರೀತಂ ನೋಡಲಿಲ್ಲ. ಗಾಡಿ ಎಗರಿತು, ತಟ್ಟೆಯಿಂದ ತೆಂಗಿನಕಾಯಿಯೊಂದು ಉರುಳಿತು, ಯಾರೂ ಅದರ ಬಗ್ಗೆ ಯೋಚಿಸಲಿಲ್ಲ. ಹತ್ತೂ ನಲವತ್ತಕ್ಕೆ ಛತ್ರದ ಮುಂದೆ ನಿಂತು, ದೀಪಿಕ ಇಳಿದು, ತಟ್ಟೆಗಳೆಲ್ಲ ಇಳಿದ ಮೇಲೆ, ಹಿಂದಿನವರಿಗೆ ದಾರಿ ಬಿಡಬೇಕಾದ ಮಧ್ಯದ ಸೀಟು ಅಲುಗಲೇ ಇಲ್ಲ. ಒಂದೇ ಬೆರಳಿನಲ್ಲಿ ಮಡಚಬಹುದೆಂದು ತಾವು ಜಾಹೀರಾತಿನಲ್ಲಿ ಹೇಳಿದ್ದನ್ನು ನಾನೂ ಪ್ರೀತಂನೂ ನಾಲ್ಕು ಕೈಗಳಿಂದ ಎಳೆದೆವು. ಉರುಳಿದ ಕಾಯಿ ಸೀಟಿನ ಕೆಳಗಿನ ಕಂಬಿಗೆ ಸಿಕ್ಕಿ ಕಚ್ಚಿಕೊಂಡಿತ್ತು.

ಹತ್ತೂ ಐವತ್ತೈದಾಯಿತು. ಛತ್ರದ ಬಾಗಿಲಲ್ಲಿ ಗಂಡಿನ ಕಡೆಯವರು ಗುಂಪುಗೂಡಿದರು. "ಹೆಣ್ಣಿನೋರು ಕಾರಿಂದ ಇಳೀತಾನೇ ಇಲ್ವಂತೆ" ಎಂದು ಯಾರೋ ಅಂದದ್ದು, ಅದಕ್ಕೆ ಇನ್ಯಾರೋ "ಏನೋ ಮುನಿಸಿರ್ಬೇಕು" ಎಂದದ್ದು ನನ್ನ ಕಿವಿಗೆ ಬಿತ್ತು. ಅಕ್ಕ ಒಳಗಿನಿಂದಲೇ, "ನಾನೇನು ಓಡೋಯ್ತೀನಾ? ಇಲ್ಲೇ ಕುಂತಿರ್ತೀನಿ, ಓಗಿ ಸಾಸ್ತ್ರ ಮುಗುಸ್ಕಳಿ ಬುಡ್ರಪ್ಪ" ಎಂದಳು. ಭಾಗ್ಯಲಕ್ಷ್ಮಿ ಅವಳ ಕೈ ಹಿಡಿದು ಪಕ್ಕದಲ್ಲೇ ಕುಳಿತಿದ್ದಳು. ದೀಪಿಕ ಮಾತ್ರ ಬಿಸಿಲಿನಲ್ಲಿ ನಿಂತು, "ಅತ್ತೆ ಇಳಿಯೋವರ್ಗೂ ನಾನು ಒಳಕ್ಕೆ ಹೋಗಲ್ಲ. ಲಗ್ನ ಮೀರಿದ್ರೆ ಮೀರ್ಲಿ" ಎಂದುಬಿಟ್ಟಳು.

ಆಗ ಗಂಡಿನ ತಂದೆ ಮರಿಸಿದ್ದಯ್ಯನವರು ಗುಂಪನ್ನು ಸರಿಸಿಕೊಂಡು ಬಂದರು. ಶಿವನಸಮುದ್ರದ ವಿದ್ಯುದಾಗಾರದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಸಂಬಂಧ ಮುರಿಯುವ ಮಾತೇ ಬರುತ್ತದೆಂದು ನಾನು ಎರಡೂ ಕೈ ಜೋಡಿಸಿದೆ. ಅವರು ನನ್ನನ್ನು ನೋಡಲೇ ಇಲ್ಲ. ಜರಿಪಂಚೆ ಎತ್ತಿ ಕಟ್ಟಿ, ಮೊಣಕಾಲೂರಿ, ಸೀಟಿನ ಕೆಳಗೆ ಟಾರ್ಚ್ ಬಿಟ್ಟು, "ಕಾಯಿ ಒಡೀಬೇಕು, ಇಲ್ಲಾಂದ್ರೆ ಸೀಟ್ ಬಿಚ್ಚಬೇಕು. ಎರಡಕ್ಕೂ ಅರ್ಧ ಗಂಟೆ ಬೇಕು ಬೀಗ್ರೇ" ಎಂದರು. ಗಡಿಯಾರ ನೋಡಿದರು. ಆಮೇಲೆ ಹಿಂದೆ ಹೋಗಿ ಡಿಕ್ಕಿಯ ಬಾಗಿಲು ಎತ್ತಿ, ಆಪರೇಷನ್ ಆದ ಮಂಡಿಯವಳನ್ನು ಸೀಟಿನ ಬೆನ್ನು ದಾಟಿಸಿ ಇಳಿಸುವಂತಿಲ್ಲವೆಂದು ಕಂಡು, "ಐನೋರೇ, ಇಲ್ಲಿಗೇ ಬನ್ನಿ. ಯಜಮಾನಮ್ಮ ಇರೋ ಕಡೇನೇ ಮನೆ" ಎಂದು ಪುರೋಹಿತರನ್ನು ಕೂಗಿದರು.

ಹೀಗೆ, ಮಾನ್ಯರೇ, ನನ್ನ ಮಗಳ ನಿಶ್ಚಿತಾರ್ಥ ತಮ್ಮ ವಾಹನದ ಡಿಕ್ಕಿಯ ಬಾಯಲ್ಲಿ, ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ನೆರವೇರಿತು. ಸೀಟಿನ ಬೆನ್ನಿನ ಮೇಲಿಂದ ಅಕ್ಕ ತಿರುಗಿ ಕೈ ಚಾಚಿದಳು. ಬೀಗಿತ್ತಿ ತಟ್ಟೆ ಕೊಟ್ಟರು, ಅಕ್ಕ ತಟ್ಟೆ ಕೊಟ್ಟಳು. ಪಡೆದ ತಟ್ಟೆಯನ್ನು ಎಲ್ಲಿಡುವುದೆಂಬ ಪ್ರಶ್ನೆಯೇ ಬರಲಿಲ್ಲ. ಮಂಡಿಗಳನ್ನು ಗಲ್ಲದವರೆಗೆ ಎತ್ತಿಡುವ ತಮ್ಮ ವಿನ್ಯಾಸದಿಂದಾಗಿ ಅದು ಅಲ್ಲಿ ಮೇಜಿನ ಮೇಲಿಟ್ಟಂತೆ ಕುಳಿತಿತು. ಈ ದೂರದೃಷ್ಟಿಗಾಗಿ ತಮ್ಮನ್ನು ಅಭಿನಂದಿಸದಿದ್ದರೆ ತಪ್ಪಾದೀತು. ಅಕ್ಕ ಅತ್ತಳು. ಸಂತೋಷದಿಂದಲೋ ಕಾಲು ಜೋಮು ಹಿಡಿದದ್ದರಿಂದಲೋ ಎಂದು ಕೇಳಿದ್ದಕ್ಕೆ, "ಎರಡೂವೆ ಕಣ್ಲಾ" ಎಂದಳು.

ಕಾಯಿ ಒಡೆದು ಅವಳನ್ನು ಇಳಿಸಿದಾಗ ಊಟದ ಎರಡನೇ ಪಂಕ್ತಿ ಎದ್ದಿತ್ತು.

ಹಿಂತಿರುಗುವಾಗ ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಭಾಗ್ಯಲಕ್ಷ್ಮಿಯನ್ನು ಮಧ್ಯಕ್ಕೆ ಕಳಿಸಿ, ಐದಡಿ ಹತ್ತಿಂಚಿನ ನಾನು ಮೂರನೇ ಸಾಲಿಗೆ ಹೋದೆ. ತಲೆ ಛಾವಣಿಗೆ ತಗುಲಿತು. ಕುತ್ತಿಗೆಯನ್ನು ಎಡಕ್ಕೆ ವಾಲಿಸಿ, ಮಂಡಿಗಳನ್ನು ತಬ್ಬಿಕೊಂಡು ಕುಳಿತೆ. ಮುಂದೆ ಪ್ರೀತಂ ಏನೋ ಹೇಳಿ ಎಲ್ಲರೂ ನಕ್ಕರು. ನನಗೆ ಟೈರಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಒಂದು ವರ್ಷದಲ್ಲಿ ಧರ್ಮಸ್ಥಳಕ್ಕೆ, ತಿರುಪತಿಗೆ, ಮೈಸೂರಿಗೆ ಎಷ್ಟೋ ಸಲ ಹೋಗಿದ್ದೆವು. ಆ ಎಲ್ಲ ದಾರಿಯಲ್ಲೂ ಈ ಜಾಗದಲ್ಲಿ ಬ್ಯಾಗುಗಳ ಜೊತೆ ಯಾರು ಕುಳಿತಿದ್ದರೆಂದು ಲೆಕ್ಕ ಹಾಕಿದಾಗ ಒಂದೇ ಹೆಸರು ಬಂತು. ಮದ್ದೂರು ಬರುವಷ್ಟರಲ್ಲಿ ಮುಂದಕ್ಕೆ ಬಾಗಿ ಕೇಳಿದೆ: "ಇಷ್ಟು ದಿನ ಒಂದು ಮಾತು ಹೇಳ್ಬಾರ್ದಾಗಿತ್ತಾ?"

ಭಾಗ್ಯಲಕ್ಷ್ಮಿ ತಿರುಗಲಿಲ್ಲ. "ಹೇಳಿದ್ದೆ ಕಣ್ರೀ. ನೀವು ಮುಂದೆ ಕುಂತಿದ್ರಿ."

ಮಾನ್ಯರೇ, ಆ ಮಾತಿನ ವಿರುದ್ಧ ದೂರು ಕೊಡಲು ತಕ್ಕ ಇಲಾಖೆ ನನಗೆ ಗೊತ್ತಿಲ್ಲ. ಆದ್ದರಿಂದ ತಮ್ಮ ವ್ಯಾಪ್ತಿಯದನ್ನು ಮಾತ್ರ ಬೇಡುತ್ತೇನೆ. ಇನ್ನು ಮುಂದೆ ಮೂರನೇ ಸಾಲು ಸಮೇತ ವಾಹನ ಮಾರುವಾಗ, ಕೊಳ್ಳುವ ಮನೆಯ ಯಜಮಾನನನ್ನು ಮಂಡ್ಯದಿಂದ ಮಳವಳ್ಳಿಯವರೆಗೆ ಅಲ್ಲೇ ಕೂರಿಸಿಕೊಂಡು ಹೋಗಿ, ಅವನು ತಾನಾಗಿ ಇಳಿದು ಬಂದರೆ ಮಾತ್ರ ಕೀಲಿ ಕೊಡತಕ್ಕದ್ದು. ಹಿಂದಿನವರ ದನಿ ಮುಂದಿನವರಿಗೆ ಮುಟ್ಟುವಂಥ ಯಂತ್ರವನ್ನೂ ಅಳವಡಿಸತಕ್ಕದ್ದು. ಮುಂದಿನವರ ಕಿವಿಯನ್ನೇ ರಿಪೇರಿ ಮಾಡುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು, ವಾರಂಟಿಯ ಅವಧಿ ಮುಗಿದಿದ್ದರೂ ನಾನು ಬರುತ್ತೇನೆ.

ಇನ್ನೂ ಕುತ್ತಿಗೆ ನೆಟ್ಟಗಾಗದ,
ತಮ್ಮ ವಿಶ್ವಾಸಿ,
ಶಿವಣ್ಣ
ಮಂಡ್ಯ

ಮರೆತ ಮಾತು: ಭಾಗ್ಯಲಕ್ಷ್ಮಿ ಕಳೆದ ಸೋಮವಾರದಿಂದ ಡ್ರೈವಿಂಗ್ ಕಲಿಯಲು ಹೋಗುತ್ತಿದ್ದಾಳೆ. ಚಾಲಕನ ಸೀಟು ಬಹಳ ಚೆನ್ನಾಗಿದೆಯೆಂದು ತಮಗೆ ತಿಳಿಸಲು ಹೇಳಿದ್ದಾಳೆ. ಮದುವೆ ಮಾಘದಲ್ಲಿ, ಅಂದು ಗಾಡಿಯಲ್ಲಿ ಯಾರು ಎಲ್ಲಿ ಕೂರಬೇಕೆಂದು ಅವಳೂ ಅಕ್ಕನೂ ಈಗಾಗಲೇ ಪಟ್ಟಿ ಮಾಡಿದ್ದಾರೆ, ನನಗೆ ತೋರಿಸುತ್ತಿಲ್ಲ. ದಯಮಾಡಿ ಸುಧಾರಣೆಯನ್ನು ಪುಷ್ಯದೊಳಗೆ ಮುಗಿಸಿಕೊಡಿ.