ಪಡುವಣ ದಿಕ್ಕಿನ ಪರೀಕ್ಷೆ

ಗಂಡಾಂತರದ ಕತೆ ಹೇಳುವವರ ನಡುವೆ ಕೂತರೆ ನನಗೆ ಯಾವಾಗಲೂ ಸಂಕೋಚ. ಒಬ್ಬರು ಹೊಳೆಯ ಸೆಳವಿನಿಂದ ಪಾರಾದದ್ದನ್ನು ಹೇಳುತ್ತಾರೆ, ಇನ್ನೊಬ್ಬರು ಹಾವಿನ ಹೆಡೆಯನ್ನು ಅಂಗೈಯಲ್ಲೇ ಆಡಿಸಿ ತೋರಿಸುತ್ತಾರೆ. ನನ್ನ ಸರದಿ ಬಂದಾಗ ನಾನು ಹೇಳಬೇಕಾದದ್ದು ಪಕ್ಕದ ಮನೆಯ ಬೀಗದ ಕತೆ. ನಗುತ್ತಾರೆ. ನಗಲಿ. ಇಷ್ಟು ವರ್ಷವಾದರೂ ಬೆಳಗಿನ ಹೊತ್ತು ಯಾವುದಾದರೂ ಬಾಗಿಲಲ್ಲಿ ಬೀಗ ತೂಗುತ್ತಿದ್ದರೆ ನನ್ನ ಅಂಗೈ ಬೆವರುತ್ತದೆ.

ಆಗ ನಾನು ಬಿ.ಎ. ಮುಗಿಸಿ, ಕೊಟ್ಟೂರಿನ ನಮ್ಮ ಮನೆಯಲ್ಲಿ ನೌಕರಿಯ ಕರೆ ಕಾಯುತ್ತಿದ್ದೆ. ಅಂದರೆ ಊಟದ ಹೊತ್ತಿಗೆ ತಪ್ಪದೆ ಹಾಜರಿರುತ್ತಿದ್ದೆ. ಅಕ್ಕನ ಹಳ್ಳಿಯಲ್ಲಿ ಶಾಲೆ ಐದನೆಯ ತರಗತಿಗೇ ಮುಗಿಯುತ್ತಿತ್ತು. ಅವಳ ಮಗಳು ಕೊಟ್ರಮ್ಮ ಚುರುಕು ಎಂದು ಅಲ್ಲಿನ ಮೇಷ್ಟ್ರು ವಸತಿ ಶಾಲೆಯೊಂದರ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿಸಿದ್ದರು. ಸೀಟು ಸಿಕ್ಕರೆ ಓದಲಿ, ಇಲ್ಲದಿದ್ದರೆ ಮನೆಗೆಲಸ ಕಲಿಯಲಿ ಎಂದು ಭಾವ ತೀರ್ಪು ಕೊಟ್ಟಾಗಿತ್ತು. ಹಾಲ್ ಟಿಕೆಟ್ ಬಂದದ್ದು ಮಾತ್ರ ಪರೀಕ್ಷೆಗೆ ಇನ್ನೊಂದೇ ವಾರ ಎನ್ನುವಾಗ. ಅಕ್ಕ ಅವಳನ್ನು ತಂದು ನನ್ನ ಮುಂದೆ ಕೂರಿಸಿ, "ಮನ್ಯಾಗ ಓದಿದಾವ ನೀನೊಬ್ನ. ಏನ್ ಮಾಡ್ತಿಯೋ ಮಾಡಪ್ಪಾ" ಎಂದು ಕಣ್ಣೊರೆಸಿಕೊಂಡು ಹೋದಳು.

ನಾನು ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಗೈಡು ತಂದು ಪಾಠ ಶುರು ಮಾಡಿದೆ. ಗುಂಪಿಗೆ ಸೇರದ್ದು ಯಾವುದು: ಕೋಳಿ, ಹಸು, ಎಮ್ಮೆ, ಮೇಕೆ? ಕೊಟ್ರಿ ಯೋಚಿಸಲೂ ಇಲ್ಲ. "ಎಮ್ಮಿ."

"ಯಾಕ?"

"ಉಳಿದಾವೆಲ್ಲ ನಮ್ಮನ್ಯಾಗ ಅದಾವ. ಎಮ್ಮಿ ಇಲ್ಲ."

ಒಲೆಯ ಮುಂದಿದ್ದ ಅವ್ವ, "ಬರೋಬ್ಬರಿ ಹೇಳ್ಯಾಳ ನೋಡು" ಎಂದಳು. ಕೋಳಿಗೆ ಎರಡೇ ಕಾಲು ಎಂದು ಈ ಇಬ್ಬರನ್ನೂ ಒಪ್ಪಿಸುವಷ್ಟರಲ್ಲಿ ನನ್ನ ಪದವಿಯ ಮೇಲೆ ನನಗೇ ಅನುಮಾನ ಹುಟ್ಟಿತು. ಹೀಗೇ ಅರ್ಧ ವಾರ ಕಳೆಯಿತು. ಆದರೂ ಹುಡುಗಿ ಪಟ್ಟು ಬಿಡಲಿಲ್ಲ. ರೊಟ್ಟಿ ಬಡಿಯುವ ಅಜ್ಜಿಯ ಪಕ್ಕ ಕೂತು ಮಗ್ಗಿ ಹೇಳುತ್ತಿದ್ದಳು. ನಿದ್ದೆಯಲ್ಲೂ ಭಿನ್ನರಾಶಿ ಕನವರಿಸುತ್ತಿದ್ದಳು.

ಶುಕ್ರವಾರ ಅವ್ವ ಕೇಳಿದಳು, "ಪರೀಕ್ಷಿ ಎಲ್ಲೈತಿ, ಯಾವತ್ತೈತಿ?"

"ಹರಪನಹಳ್ಳ್ಯಾಗ. ಐತವಾರ."

ಅವ್ವನ ಕೈಯಲ್ಲಿದ್ದ ಮೊರ ನಿಂತಿತು. "ಐತವಾರ ಪಡುವಲ ದಿಕ್ಕಿಗೆ ಶೂಲಿ ಇರ್ತೈತಲ್ಲೋ! ಯಾವ ಪುಣ್ಯಾತ್ಮ ಇಟ್ಟಾನ ಇದನ್ನ?"

ಹರಪನಹಳ್ಳಿ ನಮ್ಮೂರಿಗೆ ಪಡುವಣಕ್ಕೆ; ಶೂಲಿ ಇರುವ ದಿಕ್ಕಿಗೆ ಆ ದಿನ ಹೊರಟರೆ ಹೋದ ಕೆಲಸ ಕೆಡುತ್ತದೆ ಎಂಬುದು ಅವಳ ನಂಬಿಕೆ. ಪರೀಕ್ಷೆ ಇಟ್ಟವರಿಗೆ ದಿಕ್ಕುಗಳ ಚಿಂತೆ ಇರುವುದಿಲ್ಲ ಎಂದು ನಾನು ಭಾಷಣ ಮಾಡಿದೆ. ಅವ್ವ ಕೇಳಿಸಿಕೊಳ್ಳಲಿಲ್ಲ. ಪರಿಹಾರ ಅವಳಲ್ಲಿ ಸಿದ್ಧವಾಗಿತ್ತು: ಪರಸ್ತಾನ. ಹೊರಡುವ ದಿನ ಕೆಟ್ಟದ್ದಾದರೆ, ಹಿಂದಿನ ದಿನವೇ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊಸ್ತಿಲು ದಾಟಿತೆಂದರೆ ಪ್ರಯಾಣ ಆಗಲೇ ಶುರುವಾದ ಲೆಕ್ಕ. ಶನಿವಾರ ಸಂಜೆ ಕೊಟ್ರಿಯ ಚೀಲ, ಅದರೊಳಗೆ ಹಾಲ್ ಟಿಕೆಟ್ಟು, ಪೆನ್ನು, ರಟ್ಟು ಎಲ್ಲವೂ ಪಕ್ಕದ ಮನೆಯ ಗೌರಕ್ಕನ ವಶಕ್ಕೆ ಹೋಯಿತು.

ಭಾನುವಾರ ಬೆಳಿಗ್ಗೆ ಚೀಲ ತರಲು ಹೋದೆ. ಗೌರಕ್ಕನ ಬಾಗಿಲಲ್ಲಿ ಬೀಗ. ತೆಂಗಿನಕಾಯಿ ಗಾತ್ರದ್ದು. ಎದುರು ಮನೆಯವರು ತಣ್ಣಗೆ ಹೇಳಿದರು: "ಉಚ್ಚಂಗೆಮ್ಮನ ದರ್ಶನಕ್ಕ ಜೀಪ್ ಹೊಂಟಿತ್ರಿ. ಎದ್ದಾಕೀನ ಹತ್ತಿ ಹೋಗ್ಯಾಳ."

ನಾನು ಕಲ್ಲೆತ್ತಿಕೊಂಡೆ. ಅವ್ವ ಕೈ ಹಿಡಿದಳು. "ದೇವ್ರಿಗೆ ಹೋದಾಕಿ ಮನಿ ಬೀಗ ಒಡೀತಿಯೇನ್ಲೇ?" ಕೊಟ್ರಿ ಹೊಸ ಲಂಗ ಹಿಡಿದುಕೊಂಡು ತುಟಿ ಕಚ್ಚಿ ನಿಂತಿದ್ದಳು. ಬಸ್ಸಿನ ಹೊತ್ತು ಮೀರುತ್ತಿತ್ತು.

ಆಮೇಲೆ ಅವಳೇ ಕೇಳಿದಳು, "ಮಾಮಾ, ಕೊಡ ಬಾವ್ಯಾಗ ಬಿದ್ರ ಏನ್ ಮಾಡ್ತೀವಿ?"

ನಮ್ಮ ಕಡೆಯ ಮಣ್ಣಿನ ಮಾಳಿಗೆಗಳಲ್ಲಿ ಬೆಳಕಿಗೆಂದು ಚಾವಣಿಯಲ್ಲೇ ಒಂದು ಕಿಂಡಿ, ಗವಾಕ್ಷಿ, ಬಿಟ್ಟಿರುತ್ತಾರೆ. ನಮ್ಮ ಮಾಳಿಗೆಯಿಂದ ಗೌರಕ್ಕನ ಮಾಳಿಗೆಗೆ ಒಂದು ಹೆಜ್ಜೆ. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು, ಪಾತಾಳಗರಡಿಯನ್ನು, ಹಗ್ಗಕ್ಕೆ ಕಟ್ಟಿ ನಾನು ಗವಾಕ್ಷಿಯಲ್ಲಿ ತಲೆ ತೂರಿಸಿ ಬೋರಲು ಮಲಗಿದೆ. ಎದೆಯವರೆಗೆ ಒಳಗೆ, ಉಳಿದದ್ದು ಹೊರಗೆ. ಕೆಳಗೆ ಕತ್ತಲಲ್ಲಿ ಜೋಳದ ಚೀಲದ ಮೇಲೆ ಕೊಟ್ರಿಯ ಚೀಲ. ಮೊದಲ ಸಲ ಕೊಕ್ಕೆಗೆ ಗೌರಕ್ಕನ ಸೀರೆ ಬಂತು. ಎರಡನೆಯ ಸಲ ಉಳ್ಳಾಗಡ್ಡಿ ಬುಟ್ಟಿ. ಅಷ್ಟರಲ್ಲಿ ನನ್ನ ಎದೆಯಡಿಯ ಮಣ್ಣು ಜಾರಿತು. ನಾನು ಒಂದು ಗೇಣು ಒಳಕ್ಕಿಳಿದೆ. ಅವ್ವ ಒಂದು ಕಾಲು, ಕೊಟ್ರಿ ಒಂದು ಕಾಲು ಹಿಡಿದು ಜಗ್ಗಿದರು. ಓಣಿಯಿಂದ ಯಾರೋ ಕೂಗಿದರು, "ಯಾರಲೇ ಅದು, ಮಾಳಿಗಿ ಮ್ಯಾಲ ಕಳ್ಳ!"

"ಕಳ್ಳ ಅಲ್ಲೋ ಯಪ್ಪಾ, ನನ್ನ ಮಗ!" ಅವ್ವ ಕಾಲು ಬಿಡದೆ ಕಿರುಚಿದಳು. "ಬಿ.ಎ. ಓದ್ಯಾನ!"

ನನ್ನ ಪದವಿ ಊರಿಗೆ ತಿಳಿದದ್ದು ಹೀಗೆ.

ಮೂರನೆಯ ಸಲ ಚೀಲ ಬಂತು. ಬಸ್ಸು ಹೋಗಿಯಾಗಿತ್ತು. ಜನ ತುಂಬಿದ್ದ ಟ್ರ್ಯಾಕ್ಸ್ ಜೀಪಿನಲ್ಲಿ ಕೊಟ್ರಿ ಒಳಗೆ, ನಾನು ಹಿಂದೆ ಜೋತುಬಿದ್ದು ಹರಪನಹಳ್ಳಿ ಸೇರಿದೆವು. ಜವಾನ ಗೇಟು ಮುಚ್ಚುತ್ತಿದ್ದ. ನನ್ನ ಮಣ್ಣು ಮೆತ್ತಿದ ಅಂಗಿಯನ್ನು ನೋಡಿ ಹೆದರಿದನೋ, ಮರುಕಪಟ್ಟನೋ, ಅವಳನ್ನು ಒಳಗೆ ಬಿಟ್ಟ. ಗೌರಕ್ಕನನ್ನು ಬೈಯುವ ಸುಖವೂ ನನಗೆ ದಕ್ಕಲಿಲ್ಲ. ಸಂಜೆ ಅವಳು ಅವ್ವನಿಗೆ ದೇವಿಯ ಭಂಡಾರದ ಅರಿಶಿನ ಕೊಡುತ್ತ, "ಹುಡುಗಿ ಚೀಲ ಐತಲ್ಲವ್ವಾ, ಭದ್ರ ಇರ್ಲಿ ಅಂತ ದೊಡ್ಡ ಬೀಗಾನ ಹಾಕಿದ್ದೆ" ಎಂದಳಂತೆ.

ಪರೀಕ್ಷೆ ಮುಗಿಸಿ ಗೇಟಿನಿಂದ ಹೊರಬಂದ ಕೊಟ್ರಿಯ ಮುಖ ಅರಳಿತ್ತು. ನಾನು ಓಡಿಹೋಗಿ ಕೇಳಿದೆ, "ಹ್ಯಾಂಗ ಮಾಡಿದಿ?"

"ಛಲೋ ಆತು ಮಾಮಾ. ನೀನು ಹೇಳಿಕೊಟ್ಟಿದ್ದು ಒಂದೂ ಬರ್ಲಿಲ್ಲ."

ಸೀಟು ಸಿಕ್ಕಿತು. ಭಾವ ಸ್ವತಃ ಟ್ರಂಕು ಹೊತ್ತು ಮಗಳನ್ನು ಬಿಟ್ಟುಬಂದರು. ಓಣಿಯ ಜನ ನಮ್ಮ ಮನೆಗೆ ಬಂದು, ಇಷ್ಟೇ ದಿನದಲ್ಲಿ ಹುಡುಗಿಯನ್ನು ತಯಾರು ಮಾಡಿದವರು ಯಾರೆಂದು ಕೇಳಿದಾಗ, ಅವ್ವ ಹೆಮ್ಮೆಯಿಂದ ನನ್ನತ್ತ ಕೈ ತೋರಿಸಿದಳು. ಕೊಟ್ರಿ ದೂರದ ಹಾಸ್ಟೆಲಿನಲ್ಲಿದ್ದಳು. ನಿಜ ಹೇಳುವವರು ಊರಲ್ಲಿ ಯಾರೂ ಉಳಿದಿರಲಿಲ್ಲ. ನಾನು ವಿನಯದಿಂದ ತಲೆ ತಗ್ಗಿಸಿದೆ. ಮರುವಾರದಿಂದ ನಮ್ಮ ಪಡಸಾಲೆಯಲ್ಲಿ ಟ್ಯೂಷನ್ ಶುರುವಾಯಿತು.