ನೀಲಿ ಪಟ್ಟಿಯ ಪೆಟ್ಟಿಗೆ

ಎಲ್ಲ ಅನರ್ಥಕ್ಕೂ ಕಾರಣ ಒಂದು ಖಾಲಿ ರಟ್ಟಿನ ಪೆಟ್ಟಿಗೆ. ಅದನ್ನು ಮಡಚಿ ಮೂಲೆಗೆ ಎಸೆಯಲು ಹೋದ ಚೀಟಿಯಣ್ಣ, ಅದರ ಮೇಲಿನ ಕೆಂಪು ಪಟ್ಟಿ ನೋಡಿ ಹಾವು ತುಳಿದವನಂತೆ ನಿಂತುಬಿಟ್ಟ.

ಸೂಪರ್ ಮಾರ್ಕೆಟ್ಟಿನ ಸಾಮಾನಿಗೆಲ್ಲ ಚೀಟಿ ಅಂಟಿಸುವುದೇ ಕೆಲಸವಾದ್ದರಿಂದ ಅವನಿಗೆ ಆ ಹೆಸರು. ಆರು ತಿಂಗಳ ತಾತ್ಕಾಲಿಕ ನೌಕರಿ ಅಂದಿಗೆ ಮುಗಿಯುತ್ತಿತ್ತು. ಸಂಜೆಯೊಳಗೆ ಕಾಯಂ ಪತ್ರಕ್ಕೆ ಸಹಿ ಬಿದ್ದರೆ ಬಚಾವು, ಇಲ್ಲದಿದ್ದರೆ ಬೀದಿ. "ಪತ್ರ ಇಲ್ದೆ ಬಂದ್ರೆ ಬಾಗಿಲು ತೆಗೆಯಲ್ಲ ನೋಡಿ" ಎಂದು ಹೆಂಡತಿ ಹೇಳಿ ಕಳಿಸಿದ್ದಳು. ಹೇಳಿದ್ದನ್ನು ಮಾಡದೆ ಬಿಟ್ಟ ಚರಿತ್ರೆ ಅವಳಿಗಿರಲಿಲ್ಲ.

ಅಂಗಡಿಗೆ ಹೊಸದಾಗಿ ಬಂದದ್ದು ಮದ್ಯವಿಲ್ಲದ ಬಿಯರ್. ಅದೇ ಕಂಪನಿಯ ಅಸಲಿ ಬಿಯರೂ ಅಲ್ಲಿ ಮಾರಾಟಕ್ಕಿತ್ತು. ಎರಡಕ್ಕೂ ಅದೇ ಹಸಿರು ಬಾಟಲಿ, ಯಾರಿಗೂ ಓದಲು ಬಾರದ ಅದೇ ಪರದೇಶದ ಅಕ್ಷರ. ಪೆಟ್ಟಿಗೆಯ ಮೇಲೆ ನೀಲಿ ಪಟ್ಟಿಯಿದ್ದರೆ ಮದ್ಯವಿಲ್ಲ, ಕೆಂಪು ಪಟ್ಟಿಯಿದ್ದರೆ ಉಂಟು. ನೀಲಿ ಪೆಟ್ಟಿಗೆಯ ಬಾಟಲಿಗಳಿಗೆ 'ಮದ್ಯರಹಿತ' ಎಂಬ ಚೀಟಿ ಅಂಟಿಸಬೇಕು. ಹೆಂಡತಿಯ ಮಾತನ್ನೇ ಮೆಲುಕು ಹಾಕುತ್ತ ಇಪ್ಪತ್ತನಾಲ್ಕು ಬಾಟಲಿಗೂ ಅಂಟಿಸಿ ಮುಗಿಸಿದ್ದವನಿಗೆ ಪಟ್ಟಿಯ ಬಣ್ಣ ನೋಡಿದ ನೆನಪೇ ಇರಲಿಲ್ಲ.

ಓಡಿಹೋಗಿ ಕಪಾಟಿನಲ್ಲಿದ್ದ ಬಾಟಲಿಗಳನ್ನು ನೆಲ ಒರೆಸುವ ಬಕೆಟ್ಟಿಗೆ ತುಂಬಿ ಎಣಿಸಿದ. ಹದಿನೆಂಟು!

"ಇನ್ನಾರು ಮ್ಯಾನೇಜರ್ ತಗೊಂಡ್ರಲ್ಲೋ," ಎಂದಳು ಬಿಲ್ ಕೌಂಟರಿನ ಅಕ್ಕ. "ದೊಡ್ಡ ಸಾಹೇಬ್ರು ಬಂದಿದ್ದಾರೆ. ಮೊದಲ ಗುಟುಕು ಅವರೇ ಕುಡಿದು ಫೋಟೋ ತೆಗೆಸ್ಕೋತಾರಂತೆ."

ಚೀಟಿಯಣ್ಣ ಬಕೆಟ್ಟನ್ನು ಅಲ್ಲೇ ಕುಕ್ಕಿದ. ದೊಡ್ಡ ಸಾಹೇಬರೆಂದರೆ ಹುಟ್ಟಿದಾಗಿನಿಂದ ಮದ್ಯದ ಹನಿಯನ್ನೂ ಮುಟ್ಟದವರು.

"ಅಕ್ಕಾ, ಅದು ಅಸಲಿ ಬಿಯರು!"

"ಮೆತ್ತಗೆ ಮಾತಾಡೋ! ಬಾಯಿ ಬಿಟ್ರೆ ಕೆಲಸ ಹೋಗುತ್ತೆ."

"ಅವರು ಬಾಯಿಗೆ ಹಾಕಿದ್ರೂ ಹೋಗುತ್ತಲ್ಲಕ್ಕಾ!"

"ಮತ್ತೆ ಇಲ್ಲೇನು ಕಡಿದು ಕಟ್ಟೆ ಹಾಕ್ತಿದ್ದೀಯ? ಓಡು!"

ಅವನು ಮೆಟ್ಟಿಲು ಹತ್ತಿದ. ಇಂಥ ತಮಾಷೆ ತಪ್ಪಿಸಿಕೊಳ್ಳುವ ಪೈಕಿಯಲ್ಲದ ಅಕ್ಕ, ಸಾಲಿನಲ್ಲಿ ನಿಂತವರನ್ನು ಹಾಗೆಯೇ ಬಿಟ್ಟು ಹಿಂದೆಯೇ ಓಡಿದಳು.

ಮೇಲೆ ಮ್ಯಾನೇಜರ್ ಕೋಣೆಯಲ್ಲಿ ದೊಡ್ಡ ಸಾಹೇಬರು ಲೋಟ ಎತ್ತಿದ್ದರು. ಮ್ಯಾನೇಜರ್ ಮೊಬೈಲ್ ಹಿಡಿದು, "ಇನ್ನೂ ಸ್ವಲ್ಪ ನಗಿ ಸಾರ್," ಎನ್ನುತ್ತಿದ್ದರು. ಲೋಟ ತುಟಿಗೆ ತಾಗುವಷ್ಟರಲ್ಲಿ ಚೀಟಿಯಣ್ಣ ಹಾರಿ ಅದನ್ನು ಕಿತ್ತುಕೊಂಡ. ಕೆಳಗೆ ಚೆಲ್ಲೋಣವೆಂದರೆ ಹೊಸ ಕಾರ್ಪೆಟ್ಟು. ದಿಕ್ಕು ತೋಚದೆ ತನ್ನ ಬಾಯಿಗೇ ಸುರಿದುಕೊಂಡ. ಸಾಹೇಬರು ಬಾಟಲಿಗೆ ಕೈ ಚಾಚಿದರು. ಅದನ್ನೂ ಕಸಿದು ಗಟಗಟ ಖಾಲಿ ಮಾಡಿದ.

"ತಲೆ ಕೆಟ್ಟಿದೆಯೇನೋ?" ಮ್ಯಾನೇಜರ್ ಅರಚಿದರು.

"ಚೀಟಿ ತಪ್ಪಾಗಿದೆ ಸಾರ್. ಇದು ಅಸಲಿ ಬಿಯರು. ನಂದೇ ತಪ್ಪು."

ಅಷ್ಟು ಹೇಳಿದ ಮೇಲೆಯೇ ತಾನು ಕುಡಿದಿದ್ದೇನೆಂಬುದು ಅವನಿಗೆ ಹೊಳೆದದ್ದು. ಪಾಪ, ಅವನೂ ಜನ್ಮದಲ್ಲಿ ಬಿಯರಿನ ರುಚಿ ಕಂಡವನಲ್ಲ. ಕುಡಿದವರು ತೂರಾಡುತ್ತಾರೆಂದು ಕೇಳಿದ್ದ. ನೆನಪಾದದ್ದೇ ತಡ, ಅವನ ಕಾಲೂ ತೂರಾಡಿತು. ಆರು ತಿಂಗಳು ಬಿಗಿಹಿಡಿದಿದ್ದ ನಾಲಿಗೆ ಸಡಿಲವಾಯಿತು.

"ಯಾರಿಗೋ ತಲೆ ಕೆಟ್ಟಿರೋದು?" ಎಂದು ಮ್ಯಾನೇಜರತ್ತ ಬೆರಳು ತೋರಿಸಿದ. "ನಿಮ್ಮ ತಲೆ ಮೇಲಿರೋ ಕೂದಲೇ ನಿಮ್ಮದಲ್ಲ! ಸಾಹೇಬ್ರು ಬರೋ ದಿನ 'ಗೂಬೆ ಬರ್ತಿದೆ, ಹುಷಾರು' ಅಂತ ನಮಗೆಲ್ಲ ಮೆಸೇಜ್ ಹಾಕೋರು ಯಾರು?" ಆಮೇಲೆ ಸಾಹೇಬರ ಮುಖವನ್ನು ಹತ್ತಿರದಿಂದ ನೋಡಿ, "ಅವರದ್ದೂ ತಪ್ಪಿಲ್ಲ ಬಿಡಿ. ಕಣ್ಣು ಹಾಗೇ ಇದೆ," ಎಂದ.

ಅಕ್ಕ ಮುಂದೆ ನುಗ್ಗಿ ಕೈಮುಗಿದಳು. "ಸಾರ್, ಕುಡಿದ ಮಾತು, ಮನಸ್ಸಿಗೆ ಹಚ್ಕೋಬೇಡಿ. ನಿಮ್ಮನ್ನ ಉಳಿಸೋಕೆ ಹೋಗಿ ಹೀಗಾಯ್ತು."

ಸಾಹೇಬರು ಖಾಲಿ ಬಾಟಲಿಯನ್ನೊಮ್ಮೆ ತಿರುಗಿಸಿ ನೋಡಿದರು. "ಹೌದಮ್ಮ. ತಪ್ಪು ಒಪ್ಕೊಂಡ, ನನ್ನ ಮರ್ಯಾದೆ ಕಾಪಾಡಿದ. ಕುಡಿದೋನ ಮಾತಿಗೆ ನಾನು ಬೆಲೆ ಕೊಡಲ್ಲ. ಎಲ್ಲಿ, ಇವನ ಕಾಯಂ ಪತ್ರ ತನ್ನಿ."

ಪತ್ರ ಬಂತು. ಚೀಟಿಯಣ್ಣನಿಗೆ ಅಳು ಬರುವಷ್ಟು ಸಂತೋಷವಾಯಿತು. ಸಾಹೇಬರು ಪೆನ್ನು ಊರಿ, ತಟ್ಟನೆ ನಿಲ್ಲಿಸಿದರು.

"ಚೀಟಿ ತಪ್ಪಿದ್ದಕ್ಕೆ ವರದಿ ಬರೀಬೇಕು, ಅದಕ್ಕೆ ಒಂದು ಅಳತೆ ಬೇಕಲ್ಲ? ಎಷ್ಟು ಕುಡಿದಿದ್ದಾನೆ ಅಂತ?"

ಸರಕಿನ ಗೇಟಿನಲ್ಲಿ ವ್ಯಾನ್ ಚಾಲಕರು ಕುಡಿದಿದ್ದಾರೆಯೇ ಎಂದು ನೋಡಲು ಬಾಯಿಗೆ ಹಿಡಿಯುವ ಉಸಿರಿನ ಯಂತ್ರದೊಂದಿಗೆ ಕಾವಲುಗಾರ ಗೇಟ್ ಮಾವ ಬಂದ. ಚೀಟಿಯಣ್ಣ ನಿಯತ್ತಾಗಿ ಜೋರಾಗಿಯೇ ಊದಿದ.

"ಸೊನ್ನೆ ಸಾರ್," ಎಂದ ಗೇಟ್ ಮಾವ. "ಇವನೇನು ಕುಡಿದಿದ್ದಾನೆ ಅಂತೀರಾ?"

"ಕೆಂಪು ಪೆಟ್ಟಿಗೆ ಬಿಯರು ಮಾವ!" ಎಂದಳು ಅಕ್ಕ.

"ಅಯ್ಯೋ, ಅದಾ! ನೀಲಿ ಪೆಟ್ಟಿಗೆ ತಳ ಕಿತ್ತುಹೋಗಿತ್ತಮ್ಮ. ನಾನೇ ಬೆಳಿಗ್ಗೆ ಬಾಟಲೆಲ್ಲ ತೆಗೆದು ಒಂದು ಖಾಲಿ ಕೆಂಪು ಪೆಟ್ಟಿಗೆಗೆ ಜೋಡಿಸಿಟ್ಟೆ. ಚೀಟಿ ಸರಿಯಾಗೇ ಇದೆ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಮ್ಯಾನೇಜರ್ ಕೂದಲು ಸರಿಮಾಡಿಕೊಳ್ಳುತ್ತ ಮುಂದೆ ಬಂದರು.

"ಅಂದ್ರೆ ಇಷ್ಟೊತ್ತು ಮಾತಾಡಿದ್ದೆಲ್ಲ..." ಎಂದರು ಸಾಹೇಬರು, ಕಣ್ಣು ಇನ್ನಷ್ಟು ದುಂಡಗೆ ಮಾಡಿ.

ಚೀಟಿಯಣ್ಣ ಗೇಟ್ ಮಾವನ ಎರಡೂ ಕೈ ಹಿಡಿದುಕೊಂಡ.

"ಮಾವ, ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನೊಂದು ಸಲ ನೋಡಿ. ಸ್ವಲ್ಪನಾದ್ರೂ ಇರ್ಬೇಕು!"